ಮಂಜಮ್ಮ ಜೋಗತಿ ರಾಷ್ಟ್ರಪತಿಗಳ ಮುಂದೆ ಸೆರಗು ಆಡಿಸಿದ್ದು ಯಾಕೆ?

ಪದ್ಮಶ್ರೀ ತಗೊಳ್ಳುವಾಗ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿಗಳ ಮುಂದೆ ಸೆರಗು ಆಡಿಸಿದರಲ್ಲ, ಅದೇನು, ಅವರು ಅಲ್ಲಿಯವರೆಗೆ ಹೋಗಿದ್ದು ಹೇಗೆ ಎಂದು ಕೇಳಿದ್ದೀರಿ. ನನಗೆ ತುಂಬಾ ಹತ್ತಿರದ ಪ್ರಶ್ನೆ ಇದು. ಸ್ವಲ್ಪ ಉದ್ದ ಆಗಬಹುದು.

ನಾನು ರಾಯದುರ್ಗದ ಕಡೆಯವಳು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. ಆದರೆ ದೇವರು ಒಂದೇ ಉಳಿಯಿತು. ನಮ್ಮ ಮನೆಯವರು ಈಗಲೂ ಹರಕೆ ತೀರಿಸಲು ಹೊಸಪೇಟೆ ದಾಟಿ ಹುಲಿಗೆಮ್ಮ ದೇವಿಯ ಊರು ಹುಲಿಗಿಗೆ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಮಂಗಳವಾರ, ಶುಕ್ರವಾರ ನಮ್ಮ ಓಣಿಗೆ ಜೋಗತಿ, ಅಂದರೆ ದೇವಿಯ ಸೇವೆಗೆ ಮುಡಿಪಾದವರು, ಬರುತ್ತಿದ್ದರು. ತಲೆ ಮೇಲೆ ಎಲ್ಲಮ್ಮನ ಬುಟ್ಟಿ, ಕೊರಳಲ್ಲಿ ಮುತ್ತಿನ ಸರ, ಕೈಯಲ್ಲಿ ಚೌಡಿಕೆ ವಾದ್ಯ. ಅಜ್ಜಿ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದಳು. ಅವರು ನಮ್ಮ ಹಣೆಗೆ ಭಂಡಾರ ಹಚ್ಚಿ, ಸೆರಗು ಹಿಡಿದು ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಉಧೋ ಉಧೋ ಅಂದು ಮುಂದಿನ ಮನೆಗೆ ಹೋಗುತ್ತಿದ್ದರು.

ಎಲ್ಲಾ ನಡೆಯುತ್ತಿದ್ದದ್ದು ಹೊಸ್ತಿಲ ಆಚೆ. ಒಳಗೆ ಕರೆದದ್ದು ನಾನು ನೋಡಿಲ್ಲ. ಮಗುವಿಗೆ ಜ್ವರ ಬಂದರೆ ಅವರ ಕೈಯ ಭಂಡಾರ ಬೇಕು, ಮನೆಯಲ್ಲಿ ಮದುವೆ ಆದರೆ ಅವರ ಹಾರೈಕೆ ಬೇಕು. ಆದರೆ ನೀರು ಕೇಳಿದರೆ ಮೇಲಿನಿಂದ ಸುರಿಯುತ್ತಿದ್ದೆವು. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮಂಜಮ್ಮ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಶೆಟ್ಟರ ಮನೆಯಲ್ಲಿ. ಹೆಸರು ಮಂಜುನಾಥ ಶೆಟ್ಟಿ. ಹದಿವಯಸ್ಸಿಗೆ ಬರುವ ಹೊತ್ತಿಗೆ ತಾನು ಹೆಣ್ಣು ಎಂದು ಗೊತ್ತಾಯಿತು. ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿದರು. ನಮ್ಮ ಕಡೆ ಇಂಥವರಿಗೆ ಇದ್ದದ್ದು ಅದೊಂದೇ ದಾರಿ. ಮುತ್ತು ಕಟ್ಟಿದ ಮೇಲೆ ಆ ಮಗು ದೇವಿಯದು, ಮನೆಯದಲ್ಲ. ದೇವರ ಹೆಸರಲ್ಲಿ ಮನೆಯಿಂದ ಕಳಿಸಿಬಿಡುವ ಪದ್ಧತಿ ಅದು. ನಾನು ಹೀಗಂದರೆ ನಮ್ಮವರಿಗೆ ಬೇಜಾರಾಗುತ್ತದೆ, ಆದರೆ ಸತ್ಯ ಅದೇ ಅಲ್ವಾ?

ಆಮೇಲಿನ ಕಷ್ಟವನ್ನು ಮಂಜಮ್ಮನೇ ಎಷ್ಟೋ ವೇದಿಕೆಯಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ವಿಷ ಕುಡಿದಿದ್ದರು, ಬದುಕಿಕೊಂಡರು. ಸೀರೆ ಉಟ್ಟು ಭಿಕ್ಷೆ ಬೇಡಿದರು. ಗಂಡಸರ ಗುಂಪೊಂದು ಅತ್ಯಾಚಾರ ಮಾಡಿ ಕೈಯಲ್ಲಿದ್ದ ದುಡ್ಡನ್ನೂ ಕಿತ್ತುಕೊಂಡಿತು. ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ.

ನನ್ನ ಪ್ರಕಾರ ಅವರ ಬದುಕು ತಿರುಗಿದ್ದು ದೆಹಲಿಯಲ್ಲಿ ಅಲ್ಲ, ದಾವಣಗೆರೆ ಬಸ್ ನಿಲ್ದಾಣದಲ್ಲಿ. ಅಲ್ಲಿ ಒಬ್ಬ ಅಪ್ಪ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಜೋಗತಿ ಕುಣಿತ. ಕೈ ಬಿಟ್ಟರೂ ಕೊಡ ಬೀಳುವುದಿಲ್ಲ. ಕುತ್ತಿಗೆ, ಸೊಂಟ, ಕಾಲು ಎಲ್ಲಾ ಆ ಭಾರದ ಜೊತೆ ಹೊಂದಿಕೊಂಡು ನಡೆಯಬೇಕು. ಮಂಜಮ್ಮ ಅದನ್ನು ಅವರಿಂದಲೇ ಕಲಿತರು. ಮುಂದೆ ಕಾಳವ್ವ ಜೋಗತಿಯ ಹತ್ತಿರ ಹೋದರು. ಕಾಳವ್ವ ಆ ಕಾಲಕ್ಕೆ ದೊಡ್ಡ ಕಲಾವಿದೆ. ಅವರ ತಂಡದಲ್ಲಿ ಮೊದಲು ಸಣ್ಣ ಪಾತ್ರ, ಆಮೇಲೆ ಮುಖ್ಯ ಪಾತ್ರ. ಕಾಳವ್ವ ತೀರಿಕೊಂಡ ಮೇಲೆ ತಂಡವನ್ನು ಮಂಜಮ್ಮನೇ ನಡೆಸಿದರು. ಗುಡಿಯ ಅಂಗಳದಲ್ಲಿ, ಬೀದಿಯಲ್ಲಿ ಇದ್ದ ಎಲ್ಲಮ್ಮನ ಆಟವನ್ನು ಊರೂರಿನ ವೇದಿಕೆ ಮೇಲೆ ತಂದರು. ಮನೆ ಬಾಗಿಲಲ್ಲಿ ಜೋಳಕ್ಕೆ ಕೈಯೊಡ್ಡುತ್ತಿದ್ದವರು ಹಾರ ಹಾಕಿಸಿಕೊಳ್ಳುವ ಕಲಾವಿದೆ ಆದರು.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. ಟ್ರಾನ್ಸ್ ಮಹಿಳೆಯೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ನನಗೆ ಪದ್ಮಶ್ರೀಗಿಂತ ಇದು ದೊಡ್ಡದು. ಪ್ರಶಸ್ತಿ ಕೊಟ್ಟು ಕಳಿಸಬಹುದು. ಅಧ್ಯಕ್ಷರಾದರೆ ಅವರ ಮಾತು ಕೇಳಬೇಕು, ಅವರ ಸಹಿಗೆ ಕಾಯಬೇಕು.

ಈಗ ಸೆರಗಿನ ವಿಷಯ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸಮಾರಂಭವನ್ನು ಅಜ್ಜಿಯ ಜೊತೆ ಕುಳಿತು ಮೊಬೈಲಿನಲ್ಲಿ ನೋಡಿದೆ. ಮಂಜಮ್ಮ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು. ಎಷ್ಟೋ ಜನಕ್ಕೆ ಅದು ಹೊಸದಾಗಿ ಕಂಡಿತು. ನಮಗೆ ಹೊಸದಲ್ಲ. ನಮ್ಮ ಹೊಸ್ತಿಲ ಮುಂದೆ ಪ್ರತಿ ಶುಕ್ರವಾರ ನಡೆಯುತ್ತಿದ್ದದ್ದೇ ಅದು. ಪ್ರಶಸ್ತಿ ತಗೊಳ್ಳಲು ಹೋದವರು ಮೊದಲು ತಮ್ಮ ಕೈಯಿಂದ ಕೊಡುವುದನ್ನು ಕೊಟ್ಟರು.

ಅಜ್ಜಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮೊಬೈಲನ್ನು ಮುಖದ ಹತ್ತಿರ ಹಿಡಿದು ಎರಡು ಸಲ ನೋಡಿದಳು. "ನಿವಾಳಿ ತೆಗದ್ಳು ನೋಡು" ಅಂದಳು. ಸ್ವಲ್ಪ ಹೊತ್ತು ಸುಮ್ನೆ ಕುಳಿತಳು. ಆಮೇಲೆ ಕೇಳಿದಳು:

"ಅವ್ರು ಆಕೀನ ಊಟಕ್ಕ ಒಳಗ ಕರದ್ರೇನು?"