ಫೈಬರ್ ಇದ್ದರೂ ಸಿಡಿಲಿಗೆ ರೂಟರ್ ಹೋಗುವುದು ಯಾಕೆ?

ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಿದ್ದೂ ಕಾರ್ಕಳದ ಮನೆಯಲ್ಲಿ ಎರಡು ರೂಟರ್ ಸುಟ್ಟಿದ್ದು ಹೇಗೆ ಎಂದು ಕೇಳಿದ್ದೀರಿ. ಗಾಜಿನ ಮಾತು ಸರಿ. ಆದರೆ ಕಂಬದಿಂದ ಬರುವ ಕೇಬಲಿಗೆ ಭಾರ ಹೊರಲು ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಬೇಕು. ಉದಾಸೀನದಲ್ಲಿ ರೂಟರ್ ತನಕ ಎಳೆದಿದ್ದಾರೋ ನೋಡಿ.

ಹೆಚ್ಚಾಗಿ ಪೆಟ್ಟು ಬರುವುದು ಮಾತ್ರ ಅಡಾಪ್ಟರ್ ಮತ್ತು ಲ್ಯಾನ್ ವಯರಿನ ದಾರಿಯಲ್ಲಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಫೇಸ್ ಕಡಿಯುತ್ತದೆ, ನ್ಯೂಟ್ರಲ್ ತಂತಿ ಹಾಗೇ ಉಳಿಯುತ್ತದೆ, ಪೆಟ್ಟು ಅದರಲ್ಲೂ ಬರಬಹುದು. ಪ್ಲಗ್ಗನ್ನೇ ಕೀಳಿ, ಅಂಗಳದ ಕ್ಯಾಮೆರಾಕ್ಕೆ ಹೋಗುವ ಲ್ಯಾನ್ ವಯರನ್ನೂ. ಮೋಡ ಕಟ್ಟುವಾಗಲೇ ಕೀಳಬೇಕು ಮಾರಾಯ್ರೆ, ಮಿಂಚುವಾಗ ಅದಕ್ಕೆ ಕೈ ಹಾಕಬೇಡಿ.

ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಬಹುದು, ಅರ್ತಿಂಗ್ ಸರಿ ಇದ್ದರೆ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ಸಿಡಿಲಿನ ಕಾಟವೂ ಆಗಲೇ ಶುರು. ಅರ್ತ್ ಗುಂಡಿಗೆ ವಾರಕ್ಕೆರಡು ಸಲ ನೀರು ಹೊಯ್ಯಿರಿ.

ಗುಡುಗುವಾಗಲೂ ನೆಟ್ ಬೇಕಾದರೆ 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟು ಅದರ ಪ್ಲಗ್ ಕಿತ್ತಿಡಿ. 8,800 ಎಂಎಎಚ್‌ನದ್ದು (ಇದು ಒಳಗಿನ ಕಡಿಮೆ ವೋಲ್ಟಿನ ಬ್ಯಾಟರಿ ಸೆಲ್‌ಗಳ ಲೆಕ್ಕ) 1 ಆಂಪಿಯರ್ ರೂಟರನ್ನು ಸುಮಾರು 2 ಗಂಟೆ ನಡೆಸುತ್ತದೆ. ತೀರಾ ಹತ್ತಿರ ಬಿದ್ದ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ತಡೆಯಲಾರದು.