ಮೊದಲನೇ ಮಗುಗೆ 12 ವಾರ ಮಾತ್ರ ರಜೆ ಅಂತಿದಾರೆ ಎಚ್‌ಆರ್, ಸರೀನಾ? ಗಂಡನಿಗೂ ರಜೆ ಸಿಗುತ್ತಾ?
ಸರಿಯಿಲ್ಲ. ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ, 12 ವಾರ ಅನ್ನೋದು ಆಗ್ಲೇ ಇಬ್ಬರು ಮಕ್ಕಳಿರೋರಿಗೆ. ಆಫೀಸಲ್ಲಿ ಕನಿಷ್ಠ 10 ಜನ ಇರ್ಬೇಕು, ನೀವು ಡೆಲಿವರಿ ಡೇಟಿಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರ್ಬೇಕು, ಅಷ್ಟೇ. ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದ್ರೆ ದುಡ್ಡು ಅಲ್ಲಿಂದ ಬರುತ್ತೆ.

ನಮ್ಮಕ್ಕನ ಆಫರ್ ಲೆಟರಲ್ಲೂ 12 ವಾರ ಅಂತಲೇ ಇತ್ತು, ಹಳೇ ಫಾರ್ಮ್ಯಾಟು, ಅವಳು ಮಗೂನ ತೊಡೆ ಮೇಲೆ ಮಲಗಿಸ್ಕೊಂಡೇ ಡಿಸ್ಚಾರ್ಜ್ ಸಮ್ಮರಿ ಫೋಟೋ ಹಾಕಿ ಒಂದು ಮೇಲ್ ಮಾಡಿದ್ಲು, ನಾಲ್ಕು ದಿನದಲ್ಲಿ ಸರಿ ಮಾಡಿದ್ರು. ಲೆಟರಲ್ಲಿ ಏನೇ ಬರೆದಿರ್ಲಿ, ಕಾನೂನು ಕೊಟ್ಟಿದ್ದನ್ನ ಕಡಿಮೆ ಮಾಡೋ ಹಾಗಿಲ್ಲ, ಹಾಗಾಗಿ ಫೋನಲ್ಲಿ ಮಾತಾಡ್ಬೇಡಿ, ಬರವಣಿಗೇಲಿ ಕೇಳಿ.

ಗಂಡನ ವಿಷಯ ಬೇಜಾರಿನದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಪ್ರೈವೇಟಲ್ಲಿ ಕಂಪನಿ ಪಾಲಿಸಿ ನೋಡ್ಬೇಕು, ಹೆತ್ತೋಳ ಪಕ್ಕದಲ್ಲಿ ಗಂಡನೂ ಇರ್ಬೇಕಾದ ಟೈಮು ಅದು.

ರಜೇಲಿರುವಾಗ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ. ವಾಪಸ್ ಹೋದ್ಮೇಲೂ ಮಗುಗೆ 15 ತಿಂಗಳಾಗೋವರೆಗೆ ಹಾಲು ಕುಡಿಸೋಕೆ ದಿನಕ್ಕೆ ಎರಡು ಬ್ರೇಕ್ ಕೇಳಿ ತಗೊಳ್ಳಿ. ಒಪ್ಪದಿದ್ರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.