ದಿಂಬಿನ ಕೆಳಗಿನ ಬಿಸ್ಕತ್ ಕವರು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 8 ವರ್ಷ. ಎತ್ತರ 128 ಸೆಂ.ಮೀ., ತೂಕ 30 ಕೆ.ಜಿ. ಶಾಲೆಯ ತಪಾಸಣೆಯಲ್ಲಿ ‘ತೂಕ ಜಾಸ್ತಿ’ ಎಂದು ಬರೆದು ಕಳಿಸಿದರು. ಅಂದಿನಿಂದ ಅವಳಿಗೆ ಚಿಪ್ಸ್, ಬಿಸ್ಕತ್ ಬಂದ್. ಅವಳ ಅಣ್ಣ ಸಣಕಲ, ಅವನಿಗೆ ಕೊಡುತ್ತೇವೆ. ಹೋದ ವಾರ ಹಾಸಿಗೆ ಕೊಡವುವಾಗ ಅವಳ ದಿಂಬಿನ ಕೆಳಗೆ ಸಣ್ಣದಾಗಿ ಮಡಚಿಟ್ಟ ನಾಲ್ಕು ಬಿಸ್ಕತ್ ಕವರು ಸಿಕ್ಕವು. ಚೆನ್ನಾಗಿ ಬೈದೆ. ಅತ್ತೆಯವರು ‘ಎತ್ತರ ಆದ ಹಾಗೆ ತಾನೇ ಸರಿಹೋಗುತ್ತೆ ಬಿಡು’ ಅಂತಾರೆ. ಡಯಟ್ ಶುರು ಮಾಡಬೇಕಾ? ಎಷ್ಟು ಕೆ.ಜಿ. ಇಳಿಸಬೇಕು?
– ಹೆಸರು ಬೇಡ ಎಂದ ತಾಯಿ

ಉತ್ತರ: ಇಳಿಸಬೇಕಾದ್ದು ಸೊನ್ನೆ ಕೆ.ಜಿ. ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಆ ಕವರುಗಳ ವಿಷಯ.

ಇದೇ ತಪ್ಪು ನಾನೂ ಮಾಡಿದ್ದೇನೆ. ಊರಿಗೆಲ್ಲ ಬುದ್ಧಿ ಹೇಳುವ ಡಯಟೀಷಿಯನ್ ನಾನು. ನನ್ನ ದೊಡ್ಡ ಮಗನಿಗೆ ಏಳು ವರ್ಷ ಇದ್ದಾಗ ಬಿಸ್ಕತ್ ಡಬ್ಬಿಯನ್ನು ಕಪಾಟಿನ ಮೇಲಿನ ಅಟ್ಟಕ್ಕೆ ಏರಿಸಿದ್ದೆ. ಎರಡು ವಾರ ಆದ ಮೇಲೆ ಪಕ್ಕದ ಮನೆಯವರು ನಗುತ್ತಾ ಕೇಳಿದರು, ‘ನಿಮ್ಮ ಹುಡುಗ ಬಂದ ಕೂಡಲೇ ನಮ್ಮ ಡಬ್ಬಿ ಖಾಲಿ ಮಾಡ್ತಾನಲ್ಲ, ಮನೇಲಿ ಏನೂ ಕೊಡಲ್ವಾ?’ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇದು ನಿಮ್ಮ ಮಗಳ ಕಳ್ಳತನ ಅಲ್ಲ, ನನ್ನ ಮಗನದ್ದೂ ಅಲ್ಲ. ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಟ್ಟ ಮಕ್ಕಳ ಎದುರಿಗೆ ಒಂದು ತಿಂಡಿಯನ್ನು ಕಾಣುವ ಹಾಗೆ ಇಟ್ಟು, ಮುಟ್ಟಲು ಬಿಡಲಿಲ್ಲ. ಅಂಥದ್ದೇ ಇನ್ನೊಂದು ತಿಂಡಿ ಬೇಕಾದಷ್ಟು ಸಿಗುತ್ತಿತ್ತು. ಮಕ್ಕಳ ಮಾತೆಲ್ಲ, ಬೇಡಿಕೆಯೆಲ್ಲ ಆ ಮುಟ್ಟಬಾರದ ತಿಂಡಿಯ ಕಡೆಗೇ ತಿರುಗಿತು. ನಿಮ್ಮ ಮನೆಯಲ್ಲಿ ಆ ತಿಂಡಿಯನ್ನು ಪಕ್ಕದಲ್ಲೇ ಕೂತು ಅಣ್ಣ ತಿನ್ನುತ್ತಿದ್ದಾನೆ. ಎಂಟು ವರ್ಷದ ಹುಡುಗಿ ಇನ್ನೇನು ಮಾಡಬೇಕು ಹೇಳಿ?

ಈಗ ಲೆಕ್ಕ. ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆ, ಸಿಗುತ್ತದೆ. ನಿಮ್ಮ ಮಗಳದ್ದು 18.3. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯ ಪ್ರಕಾರ 8 ವರ್ಷದ ಹುಡುಗಿಗೆ 17.7 ದಾಟಿದರೆ ತೂಕ ಜಾಸ್ತಿ, 20.6 ದಾಟಿದರೆ ಬೊಜ್ಜು. ಅಂದರೆ ಗೆರೆಯನ್ನು ಸ್ವಲ್ಪ ದಾಟಿದ್ದಾಳೆ ಅಷ್ಟೇ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಾರೆ. ಬರುವ ವರ್ಷ ಅವಳು 133 ಸೆಂ.ಮೀ. ಆಗಿ, ತೂಕ 32 ಕೆ.ಜಿ. ಆದರೂ ಬಿಎಂಐ 18.1. ಒಂಬತ್ತಕ್ಕೆ ಗೆರೆ 18.3. ಎರಡು ಕೆ.ಜಿ. ಏರಿಯೂ ಗೆರೆಯ ಒಳಗೆ ಬಂದಳು! ನಿಮ್ಮ ಅತ್ತೆಯವರ ಮಾತು ಅರ್ಧ ನಿಜ. ಎತ್ತರ ತಾನೇ ಬರುತ್ತದೆ. ಆದರೆ ತೂಕ ಎರಡಕ್ಕೇ ನಿಲ್ಲಬೇಕಾದರೆ ಮನೆಯಲ್ಲಿ ಒಂದಿಷ್ಟು ಬದಲಾಗಬೇಕು.

ಬದಲಾಗಬೇಕಾದ್ದು ಅವಳೊಬ್ಬಳ ತಟ್ಟೆ ಅಲ್ಲ, ಮನೆಗೆ ಬರುವ ಸಾಮಾನಿನ ಚೀಲ. ಚಿಪ್ಸು ದಿನಾ ಮನೆಗೆ ಬರುವುದು ಬೇಡ. ಅಣ್ಣನಿಗೂ ಬೇಡ, ಅಪ್ಪನಿಗೂ ಬೇಡ. ಸಣಕಲ ಹುಡುಗನಿಗೆ ಚಿಪ್ಸ್ ಟಾನಿಕ್ ಏನಲ್ಲವಲ್ಲ. ಯಾವಾಗಲೋ ಒಮ್ಮೆ ತಂದಿರಾ, ಎಲ್ಲರೂ ಕೂತು ಒಟ್ಟಿಗೆ ತಿನ್ನಿ, ಅವಳೂ ತಿನ್ನಲಿ, ಮುಖ ಗಂಟಿಕ್ಕಬೇಡಿ. ಏನು ಬಡಿಸುವುದು, ಯಾವ ಹೊತ್ತಿಗೆ, ಎಲ್ಲಿ ಕೂತು ಅನ್ನುವುದು ನಿಮ್ಮ ಕೈಲಿರಲಿ. ಎಷ್ಟು ತಿನ್ನುವುದು ಅನ್ನುವುದನ್ನು ಅವಳ ಹೊಟ್ಟೆಗೆ ಬಿಡಿ. ಶಾಲೆಯಿಂದ ಬಂದಾಗ ಹಸಿವಿರುತ್ತದೆ, ಆ ಹೊತ್ತಿಗೆ ಹೆಚ್ಚಿದ ಹಣ್ಣೋ ಬೇಯಿಸಿದ ಮೊಟ್ಟೆಯೋ ಕೈಗೆ ಸಿಗುವಂತಿರಲಿ. ‘ಹೆಚ್ಚಿದ’ ಅಂತ ಬೇಕೆಂದೇ ಬರೆದೆ. ಇಡೀ ಹಣ್ಣು ಬುಟ್ಟಿಯಲ್ಲೇ ಕೊಳೆಯುತ್ತದೆ, ಹೆಚ್ಚಿಟ್ಟದ್ದು ಖಾಲಿಯಾಗುತ್ತದೆ.

ಅದಕ್ಕಿಂತ ಮುಖ್ಯ, ಅವಳು ಕುಡಿಯುವುದು ಏನು? ನೀವು ಬರೆದಿಲ್ಲ. ನನ್ನ ಮೇಜಿನ ಮೇಲೆ ಒಂದು ಖಾಲಿ ಲೋಟ, ಸಕ್ಕರೆ ಡಬ್ಬಿ, ಟೀ ಚಮಚ ಯಾವಾಗಲೂ ಇರುತ್ತವೆ. 330 ಮಿ.ಲೀ. ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಮಕ್ಕಳಿಗೇ ಅಷ್ಟು ಸಕ್ಕರೆಯನ್ನು ಲೋಟಕ್ಕೆ ಹಾಕಲು ಹೇಳುತ್ತೇನೆ. ಒಬ್ಬ ಹುಡುಗ ಆರನೇ ಚಮಚಕ್ಕೆ ಕೈ ನಿಲ್ಲಿಸಿ, ‘ಅಮ್ಮಾ, ನಾನು ಎಣಿಸಿದ್ದು ತಪ್ಪಾಯ್ತಾ?’ ಅಂದ. ಇನ್ನೂ ಮೂರು ಬಾಕಿ ಇತ್ತು. ಹೊಟ್ಟೆಗೆ ಕುಡಿದದ್ದರ ಲೆಕ್ಕ ಸರಿಯಾಗಿ ಸಿಗುವುದಿಲ್ಲ, ಆಮೇಲೆ ಊಟವೂ ಅಷ್ಟೇ ಹೋಗುತ್ತದೆ. ಬಾಯಾರಿದರೆ ನೀರು. ಇದೊಂದನ್ನೇ ಮಾಡಿದರೂ ಎಷ್ಟೋ ಮನೆಗಳಲ್ಲಿ ಅರ್ಧ ಕೆಲಸ ಮುಗಿದಿರುವುದನ್ನು ನೋಡಿದ್ದೇನೆ.

ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ, ರಾತ್ರಿ ಕಡೇಪಕ್ಷ 9 ಗಂಟೆ ನಿದ್ದೆ. ನಿದ್ದೆಗೆಟ್ಟ ಮಕ್ಕಳಿಗೆ ಮಾರನೇ ದಿನ ಹಸಿವು ಜಾಸ್ತಿ. ಕುತ್ತಿಗೆಯ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು, ಜೋರು ಗೊರಕೆ, ಎತ್ತರವೇ ಬೆಳೆಯದೆ ನಿಂತಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹಾಗೇ ‘ಗುಂಡಮ್ಮ’ ಅಂತ ಪ್ರೀತಿಗೂ ಕರೆಯಬೇಡಿ. ಅಣ್ಣನಿಗೂ ಹೇಳಿ.

ಪ್ರಶ್ನೆ: 3 ವರ್ಷದ ಮಗ ಮೊಬೈಲ್ ಇಲ್ಲದೆ ಬಾಯಿ ತೆರೆಯುವುದಿಲ್ಲ. ಒಂದು ಊಟಕ್ಕೆ ಒಂದು ಗಂಟೆ. ಪುಣ್ಯಕ್ಕೆ ಹಾಲು ಮಾತ್ರ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಾನೆ. ತೂಕ ಸರಿಯಾಗಿದೆ.
– ಓದುಗರು

ಉತ್ತರ: ಊಟ ಹೋಗದೇ ಇರುವುದು ಆ ನಾಲ್ಕು ಲೋಟದಿಂದಲೇ ಇರಬಹುದು. 200 ಮಿ.ಲೀ. ಲೋಟವಾದರೂ 800 ಮಿ.ಲೀ. ಆಯಿತು, ಸುಮಾರು 500 ಕ್ಯಾಲೊರಿ. ಈ ವಯಸ್ಸಿಗೆ ದಿನಕ್ಕೆ ಬೇಕಾದ್ದರಲ್ಲಿ ಹತ್ತಿರ ಹತ್ತಿರ ಅರ್ಧ. ಹೊಟ್ಟೆಯಲ್ಲಿ ಜಾಗ ಇದ್ದರಲ್ವಾ ಊಟ ಹೋಗೋದು? ಹಾಲು ಅತಿಯಾದರೆ ಕಬ್ಬಿಣದ ಅಂಶವೂ ಕಮ್ಮಿಯಾಗುತ್ತದೆ. ಎರಡು ಲೋಟ ಸಾಕು, ಅದೂ ಊಟಕ್ಕೆ ಮುಂಚೆ ಬೇಡ.

ಇನ್ನು ಮೊಬೈಲ್. ಮಗುವಿಗೆ ಹೊಟ್ಟೆ ತುಂಬಿದಾಗ ಏನು ಮಾಡುತ್ತದೆ ನೋಡಿದ್ದೀರಲ್ಲ. ತುಟಿ ಬಿಗಿಯುತ್ತದೆ, ಮುಖ ತಿರುಗಿಸುತ್ತದೆ, ಚಮಚ ತಳ್ಳುತ್ತದೆ. ಅದು ಅದರ ‘ಸಾಕು’. ಪರದೆ ನೋಡುತ್ತಾ ತಿನ್ನುವ ಮಗು ಇದ್ಯಾವುದನ್ನೂ ಮಾಡದೆ ಸುಮ್ನೆ ಬಾಯಿ ತೆರೆಯುತ್ತಿರುತ್ತದೆ. ಇವತ್ತು ತೂಕ ಸರಿ ಇದೆ, ಆದರೆ ‘ಸಾಕು’ ಅನ್ನುವುದನ್ನು ಈಗಲೇ ಮರೆಸಬೇಡಿ. ಮೊಬೈಲ್ ತೆಗೆದ ಮೊದಲ ನಾಲ್ಕೈದು ದಿನ ಗಲಾಟೆ ಇರುತ್ತದೆ, ಕಡಿಮೆ ತಿನ್ನುತ್ತಾನೆ. ಅರ್ಧ ಗಂಟೆ ನೋಡಿ, ತಟ್ಟೆ ಎತ್ತಿಬಿಡಿ, ಬೈಯಬೇಡಿ, ಬದಲಿಗೆ ಹಾಲನ್ನೂ ಕೊಡಬೇಡಿ. ಹೊಸ ತರಕಾರಿಯನ್ನು ಒಂದು ಚೂರು ಬಡಿಸಿ. ಬೇಡ ಅಂದರೆ ಇನ್ನೊಂದು ದಿನ. ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ರುಚಿ ನೋಡಿದ ಮೇಲೇ ಹಿಡಿಸುತ್ತದೆ. ನಾವು ಮೂರನೇ ಸಲಕ್ಕೇ ‘ಇವನಿಗೆ ಇದು ಆಗಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಪ್ರಶ್ನೆ: ಮನೆಯಲ್ಲೇ ಮಾಡಿದ, ಸಕ್ಕರೆ ಹಾಕದ ಹಣ್ಣಿನ ರಸ ಒಳ್ಳೆಯದಲ್ಲವೇ? ಸಕ್ಕರೆ ಬದಲು ಜೇನುತುಪ್ಪ?
– ಓದುಗರು

ಉತ್ತರ: ಒಂದು ಲೋಟ ರಸಕ್ಕೆ ಮೂರು ಕಿತ್ತಳೆ ಬೇಕು. ಮೂರು ಕಿತ್ತಳೆಯನ್ನು ಒಂದೇ ಸಲಕ್ಕೆ ತಿನ್ನುವ ಮಗುವನ್ನು ನಾನಂತೂ ಕಂಡಿಲ್ಲ. ನಾರು ಜರಡಿಯಲ್ಲಿ ಉಳಿಯಿತು, ಸಕ್ಕರೆ ಲೋಟಕ್ಕೆ ಬಂತು. ರಸದ ಸಕ್ಕರೆಯನ್ನೂ ಜೇನನ್ನೂ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ಮಾಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಹಣ್ಣನ್ನು ಹಣ್ಣಾಗಿಯೇ ಕೊಡಿ. ಒಂದು ವರ್ಷ ತುಂಬದ ಕೂಸಿಗೆ ರಸವೂ ಬೇಡ, ಜೇನಂತೂ ಬೇಡವೇ ಬೇಡ.